ಕಾಸರಗೋಡಿನ ಕನ್ನಡಿಗರ ಭಾಷಾ ಹಕ್ಕು: ಕಾನೂನಿನಲ್ಲಿ ಇರುವುದೇನು, ಕೈಗೆ ಸಿಗುವುದು ಹೇಗೆ?

ಚಂದ್ರಗಿರಿ ದಡ:
ಪ್ರತಿ ವರ್ಷ ನವೆಂಬರ್ 1ಕ್ಕೆ ಈ ಮಾತು ಏಳುತ್ತದೆ, ವಾರ ಕಳೆದರೆ ತಣ್ಣಗಾಗುತ್ತದೆ. ಈ ಸಲ ಕೆಲಸಕ್ಕೆ ಬರುವ ಮಾಹಿತಿಯನ್ನಷ್ಟೇ ಒಟ್ಟು ಮಾಡೋಣ. ಅರ್ಜಿ ಹೇಗೆ ಬರೆಯಬೇಕು, ಯಾರಿಗೆ ಕೊಡಬೇಕು, ಎಲ್ಲಿ ಬಿದ್ದುಹೋಗುತ್ತದೆ ಎಂಬುದು ಗೊತ್ತಿರುವವರು ಬರೆಯಿರಿ.

ಹಿನ್ನೆಲೆ ಎರಡೇ ಸಾಲಿನಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಸಂವಿಧಾನದ ಯಾವ ವಿಧಿ ಯಾವ ಕೆಲಸಕ್ಕೆ ಎಂದು ಮೊದಲು ಬಿಡಿಸಿಕೊಳ್ಳಬೇಕು. 29ನೆಯ ವಿಧಿ ನಮ್ಮ ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು. 30 ನಮ್ಮದೇ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು. ಇವೆರಡೂ ಮೂಲಭೂತ ಹಕ್ಕುಗಳು, ಹಾಗಾಗಿ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದು. 347ರ ಪ್ರಕಾರ ಒಂದು ರಾಜ್ಯದ ಜನಸಂಖ್ಯೆಯ ಗಣನೀಯ ಪಾಲು ತಮ್ಮ ಭಾಷೆಗೆ ಮನ್ನಣೆ ಬೇಕೆಂದು ಕೇಳಿದರೆ ರಾಷ್ಟ್ರಪತಿಗಳು ನಿರ್ದೇಶನ ಕೊಡಬಹುದು. 350 ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು. 350ಎ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸೌಲಭ್ಯ ಒದಗಿಸಬೇಕೆಂದು ರಾಜ್ಯಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಹೇಳುತ್ತದೆ. 350ಬಿ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಹುದ್ದೆ. ಕೊನೆಯ ಎರಡೂ 1956ರ ಏಳನೆಯ ತಿದ್ದುಪಡಿಯಲ್ಲಿ ಬಂದವು.

ಇದರ ಮೇಲೆ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಇದೆ. ನಮ್ಮ ದಿನನಿತ್ಯದ ವ್ಯವಹಾರಕ್ಕೆ ಎಲ್ಲಕ್ಕಿಂತ ಹೆಚ್ಚು ಒದಗುವುದು ಇದೇ.

ಕಡತ ಶಾಖೆ:
ಚಂದ್ರಗಿರಿಯವರು ಕೊನೆಗೆ ಹೇಳಿದ್ದನ್ನೇ ಮುಂದುವರಿಸುತ್ತೇನೆ. ಎಲ್ಲರೂ ಅರ್ಜಿಯಲ್ಲಿ 350ನೆಯ ವಿಧಿ ಹಾಕುತ್ತಾರೆ. ಅದು ಮನವಿ ಕೊಡುವ ಭಾಷೆಯ ಬಗ್ಗೆ ಮಾತ್ರ ಹೇಳುತ್ತದೆ, ಉತ್ತರ ಯಾವ ಭಾಷೆಯಲ್ಲಿ ಬರಬೇಕು ಎಂಬ ಬಗ್ಗೆ ಏನನ್ನೂ ಹೇಳುವುದಿಲ್ಲ. ಕನ್ನಡ ಅರ್ಜಿಗೆ ಮಲಯಾಳದಲ್ಲಿ ಹಿಂಬರಹ ಬಂದಾಗ 350 ಹಿಡಿದುಕೊಂಡು ಜಗಳಕ್ಕೆ ಹೋದರೆ ನಿಲ್ಲುವುದಿಲ್ಲ.

1969ರ ಕಾಯಿದೆ ಹೇಳುವುದು ಬೇರೆ. ರಾಜ್ಯದ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್, ಇಲಾಖಾ ಮುಖ್ಯಸ್ಥರು ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಜಾಗದ ಸ್ಥಳೀಯ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಹೋಗಬೇಕು. ಅಂದರೆ ಉತ್ತರದ ಭಾಷೆಗೆ ಆಧಾರ ಈ ಕಾಯಿದೆ. ಅರ್ಜಿಯ ‘ವಿಷಯ’ದ ಕೆಳಗೆ ‘ಉಲ್ಲೇಖ’ ಅಂತ ಒಂದು ಸಾಲು ಇರುತ್ತದಲ್ಲ, ಅಲ್ಲಿ ಕಾಯಿದೆಯ ಹೆಸರು ಮತ್ತು ವರ್ಷ ಬರೆಯಿರಿ. ಕೊನೆಯ ಪ್ಯಾರಾದಲ್ಲಿ ‘ಉತ್ತರವನ್ನು ಕನ್ನಡದಲ್ಲೇ ನೀಡಬೇಕಾಗಿ ಕೋರಿಕೆ’ ಎಂದು ಬಿಡಿಸಿ ಬರೆಯಿರಿ. ಕೇಳದೇ ಇದ್ದರೆ ಸಿಗುವುದಿಲ್ಲ. ಕೇಳಿದ್ದಕ್ಕೆ ದಾಖಲೆ ಇಲ್ಲದಿದ್ದರೆ ಮುಂದೆ ಮೇಲ್ಮನವಿಗೂ ಬುಡ ಇರುವುದಿಲ್ಲ.

ಈ ಕಾಯಿದೆಗೆ ಒಳಪಡುವುದು ರಾಜ್ಯ ಸರ್ಕಾರದ ಕಚೇರಿಗಳು. ಬ್ಯಾಂಕು, ರೈಲ್ವೆ, ಅಂಚೆ ಕೇಂದ್ರದ ನಿಯಮಕ್ಕೆ ಬರುತ್ತವೆ. ಅಲ್ಲಿಗೆ ಈ ಕಾಯಿದೆ ಹಾಕಿ ಅರ್ಜಿ ಬರೆದು ‘ಅನ್ವಯಿಸುವುದಿಲ್ಲ’ ಅನ್ನಿಸಿಕೊಂಡು ಬರಬೇಡಿ. ಕೆಳಹಂತದ ಸಿವಿಲ್ ನ್ಯಾಯಾಲಯಗಳ ಭಾಷೆ ಕೂಡ ಬೇರೆ ವಿಷಯ, ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೆಯ ಕಲಮಿನಡಿ ರಾಜ್ಯ ಸರ್ಕಾರ ತೀರ್ಮಾನಿಸುವಂಥದ್ದು.

ಪಾಟಿ ಬಳಪ:
ಶಾಲೆಯ ಮಟ್ಟದಲ್ಲಿ ಎರಡು ಅಳತೆ ಗೊತ್ತಿರಬೇಕು. ಪ್ರಾಥಮಿಕ ಹಂತದಲ್ಲಿ ಒಂದು ಶಾಲೆಯಲ್ಲಿ ಒಟ್ಟು 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಅಲ್ಪಸಂಖ್ಯಾತ ಭಾಷೆಯಲ್ಲಿ ಕಲಿಯಲು ಬಯಸಿದರೆ ಅದೇ ಮಾಧ್ಯಮದಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕು. ಪ್ರೌಢ ಹಂತದಲ್ಲಿ ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು 60, ಪ್ರತಿ ತರಗತಿಗೆ 15.

ಪ್ರಾಥಮಿಕದ ಸೂತ್ರದಲ್ಲಿ ‘ಅಥವಾ’ ಇದೆ. ಒಟ್ಟು 40 ಇಲ್ಲ ಎಂಬ ಕಾರಣ ಕೊಟ್ಟು ಒಂದನೇ ತರಗತಿಯ 12 ಮಕ್ಕಳ ಬೇಡಿಕೆಯನ್ನು ತಳ್ಳಿಹಾಕುವಂತಿಲ್ಲ.

ಸಂಖ್ಯೆ ತೋರಿಸಲು ಮುಂಗಡ ನೋಂದಣಿ ಎಂಬ ವ್ಯವಸ್ಥೆ ಇದೆ. ಶಾಲೆ ಆರಂಭವಾಗುವ ಮೂರು ತಿಂಗಳ ಮೊದಲು ರಿಜಿಸ್ಟರ್ ತೆರೆದು, ತಮ್ಮ ಮಗುವಿಗೆ ಯಾವ ಮಾಧ್ಯಮ ಬೇಕೆಂದು ಪಾಲಕರಿಂದ ಬರೆಸಿಕೊಳ್ಳಬೇಕು. ಒಂದು ಶಾಲೆಯಲ್ಲಿ ಆರು, ಪಕ್ಕದ ಶಾಲೆಯಲ್ಲಿ ಐದು ಮಕ್ಕಳಿದ್ದರೆ ಅವರನ್ನು ಒಂದೇ ಕಡೆ ಸೇರಿಸಿ ತರಗತಿ ನಡೆಸುವ ಅಂತರಶಾಲಾ ಹೊಂದಾಣಿಕೆಗೂ ಅವಕಾಶವಿದೆ. ರಿಜಿಸ್ಟರ್ ತೆರೆಯದೆ ‘ಬೇಡಿಕೆಯೇ ಇಲ್ಲ’ ಎಂದು ವರದಿ ಹೋಗುವ ಕಡೆ ತರಗತಿಗಳು ಸದ್ದಿಲ್ಲದೆ ಮುಚ್ಚಿಹೋಗುತ್ತವೆ. ಮಕ್ಕಳು ಇಲ್ಲದೆ ಮುಚ್ಚುವುದು ಒಂದು, ಎಣಿಸದೆ ಮುಚ್ಚುವುದು ಇನ್ನೊಂದು. ಎರಡನೆಯದು ಅನ್ಯಾಯ, ಅದನ್ನು ತಡೆಯಲು ಪಾಲಕರ ಕೈಯಲ್ಲೇ ದಾರಿ ಇದೆ.

ಕೇರಳದಲ್ಲಿ ಶಾಲೆಯ ಶಿಕ್ಷಕ ಹುದ್ದೆಗಳ ಲೆಕ್ಕ ನಿಲ್ಲುವುದು ಆರನೇ ಕೆಲಸದ ದಿನದ ಹಾಜರಾತಿಯ ಮೇಲೆ. ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುತ್ತೇವೆ ಎಂದು ತೀರ್ಮಾನಿಸಿಯೂ ಮದುವೆ, ಊರ ಜಾತ್ರೆ ಅಂತ ಹತ್ತು ದಿನ ತಡವಾಗಿ ಕಳಿಸಿದರೆ ಆ ತಲೆ ಲೆಕ್ಕಕ್ಕೆ ಸಿಗುವುದಿಲ್ಲ. ಅಂಚಿನಲ್ಲಿರುವ ಶಾಲೆಗೆ ಒಂದು ಹುದ್ದೆಯೇ ಹೋಗುತ್ತದೆ.

ತುಳುವ ಮಿತ್ರ:
ಒಂದು ಪ್ರಶ್ನೆ. ಜನಗಣತಿಯಲ್ಲಿ ಕಾಸರಗೋಡಿನಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದವರು ಕಡಿಮೆ. ಕನ್ನಡದಲ್ಲಿ ಓದಿದವರಲ್ಲೂ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಆಡುವವರೇ ಹೆಚ್ಚು. ಹಾಗಿರುವಾಗ ಕನ್ನಡದ ಹೆಸರಿನಲ್ಲಿ ಹಕ್ಕು ಕೇಳಿದರೆ ‘ನಿಮ್ಮ ಸಂಖ್ಯೆ ಎಷ್ಟು’ ಅಂತ ಕೇಳುವುದಿಲ್ಲವೇ? ತುಳುವರನ್ನು ಕನ್ನಡದ ಲೆಕ್ಕಕ್ಕೆ ಮಾತ್ರ ಬಳಸಿಕೊಳ್ಳುವುದೂ ನನಗೆ ಸರಿ ಕಾಣುವುದಿಲ್ಲ.

ವಕಾಲತ್ತು:
ಪ್ರಶ್ನೆ ಸರಿಯಾಗಿದೆ, ತುಳುವ ಮಿತ್ರರೇ. ಎರಡು ಭಾಗ ಮಾಡಿ ಹೇಳುತ್ತೇನೆ.

ಜನಗಣತಿಯಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಮಾತೃಭಾಷೆ, ಇನ್ನೊಂದು ಗೊತ್ತಿರುವ ಇತರ ಭಾಷೆಗಳು. 2011ರಲ್ಲಿ ಎರಡನೆಯದಕ್ಕೆ ಎರಡು ಭಾಷೆಗಳವರೆಗೆ ಬರೆಸಬಹುದಿತ್ತು. ಮಾತೃಭಾಷೆಯ ಜಾಗದಲ್ಲಿ ತುಳು ಆಡುವವರು ತುಳು ಎಂದೇ ಬರೆಸಬೇಕು. ಅದು ಸತ್ಯ, ತುಳುವಿಗೂ ಅದೇ ಬಲ. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಅದರಲ್ಲಿ ಹೆಸರಿಸಿದ ಭಾಷೆಗಳ ಪಟ್ಟಿಗೆ ಸೇರಲು ಕಾಯುತ್ತಿರುವ ಭಾಷೆಯ ಅಂಕಿಯನ್ನು ಕನ್ನಡಕ್ಕೆಂದು ಕಡಿಮೆ ಮಾಡುವುದು ಬೇಡ. ಆದರೆ ಇತರ ಭಾಷೆಯ ಜಾಗವನ್ನು ಗಣತಿದಾರರು ಅವಸರದಲ್ಲಿ ಖಾಲಿ ಬಿಡಬಾರದು. ಅಲ್ಲಿ ಕನ್ನಡ ಬರಬೇಕು. ಮನೆಭಾಷೆ ತುಳು, ಓದು ಬರಹದ ಭಾಷೆ ಕನ್ನಡ ಎಂಬ ಊರಿನ ನಿಜವಾದ ಸ್ಥಿತಿ ಆಗ ಕಾಗದದ ಮೇಲೆ ಕಾಣುತ್ತದೆ. 2027ರ ಗಣತಿಯಲ್ಲಿ ಮನೆಯವರು ಇದನ್ನು ಗಮನವಿಟ್ಟು ಹೇಳಿ ಬರೆಸಬೇಕು.

ಎರಡನೆಯದು, ಎಲ್ಲ ಹಕ್ಕಿಗೂ ಜನಗಣತಿಯ ಅಂಕಿ ಬೇಕಾಗಿಲ್ಲ. ಮುಖ್ಯ ನಿಯಮ, ಪ್ರಕಟಣೆಗಳ ಅನುವಾದಕ್ಕೆ ಜಿಲ್ಲೆ, ತಾಲೂಕು ಅಥವಾ ಪುರಸಭೆಯಲ್ಲಿ ಶೇ. 15 ಎಂಬ ಅಳತೆ ಇದೆ. ಜಿಲ್ಲೆಯಲ್ಲಿ ಎರಡನೇ ಅಧಿಕೃತ ಭಾಷೆಯಾಗಲು ಶೇ. 60. ಇವು ಗಣತಿಯ ಲೆಕ್ಕ. ಆದರೆ 10-40ರ ಶಾಲಾ ಸೂತ್ರ ಪಾಲಕರ ಬೇಡಿಕೆಯ ಲೆಕ್ಕ. 1969ರ ಕಾಯಿದೆಯ ಪತ್ರ ವ್ಯವಹಾರದ ಹಕ್ಕು ಘೋಷಿತ ಪ್ರದೇಶದ ಲೆಕ್ಕ. ಕಚೇರಿಯವರು ‘ನೀವು ಶೇಕಡಾ ಎಷ್ಟು’ ಎಂದು ಕೇಳಿದರೆ ಆ ಕೆಲಸಕ್ಕೆ ಶೇಕಡಾವಾರು ಅನ್ವಯಿಸುತ್ತದೆಯೇ ಎಂದು ಮೊದಲು ನೋಡಿ.

ಇನ್ನೊಂದು ಮಾತು. ಈ 15, 60, 10-40 ಅಳತೆಗಳು ಕೇಂದ್ರ, ರಾಜ್ಯಗಳು ಸೇರಿ ಒಪ್ಪಿಕೊಂಡ ರಕ್ಷಣಾ ಕ್ರಮಗಳು. ಶಾಸನಸಭೆ ಮಾಡಿದ ಕಾಯಿದೆಯಷ್ಟು ತೂಕ ನ್ಯಾಯಾಲಯದಲ್ಲಿ ಇವಕ್ಕೆ ಸಿಗುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಕಾಯಿದೆಯನ್ನೂ 350ಎ ವಿಧಿಯನ್ನೂ ಮೊದಲು ಇಟ್ಟು, ಅಳತೆಯನ್ನು ಅದರ ಬೆಂಬಲಕ್ಕೆ ತನ್ನಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 29(2)(ಎಫ್) ಕೂಡ ಸೇರಿಸಿ. ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ಇರಬೇಕೆಂದು ಅದು ಹೇಳುತ್ತದೆ.

ಪಾಟಿ ಬಳಪ:
ಶಿಕ್ಷಕರ ನೇಮಕದ ಬಗ್ಗೆ ಬರೆಯದಿದ್ದರೆ ಶಾಲೆಯ ಮಾತು ಅರ್ಧವೇ ಆಗುತ್ತದೆ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರು ಬಂದು ಕೂರುವುದು ಪದೇ ಪದೇ ಪ್ರತಿಭಟನೆಗೆ ಕಾರಣವಾಗಿದೆ. ಏಳನೇ ತರಗತಿಯ ಗಣಿತದ ಪಾಠ ಯೋಚಿಸಿ. ‘ಛೇದ’, ‘ಅಂಶ’, ‘ಲಘುತಮ ಸಾಮಾನ್ಯ ಅಪವರ್ತ್ಯ’ ಎಂದು ಪುಸ್ತಕದಲ್ಲಿದೆ, ಹಲಗೆಯ ಮೇಲೆ ಬರುವುದು ಮಲಯಾಳ ಪದ. ಮಗು ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ, ಪರೀಕ್ಷೆಯಲ್ಲಿ ಪ್ರಶ್ನೆ ಅರ್ಥವಾಗದೆ ಅಂಕ ಹೋಗುತ್ತದೆ, ಮುಂದಿನ ವರ್ಷ ಪಾಲಕರೇ ಮಾಧ್ಯಮ ಬದಲಿಸುತ್ತಾರೆ. ಆಮೇಲೆ ‘ಕನ್ನಡಕ್ಕೆ ಮಕ್ಕಳಿಲ್ಲ’ ಎಂಬ ಮಾತು.

ಸರಿಪಡಿಸಬೇಕಾದ ಜಾಗ ನೇಮಕದ ಆದೇಶಕ್ಕಿಂತ ಬಹಳ ಮೊದಲಿನದು. ಖಾಲಿ ಹುದ್ದೆಯನ್ನು ಕೇರಳ ಲೋಕಸೇವಾ ಆಯೋಗ, ಅಂದರೆ ಪಿಎಸ್‌ಸಿಗೆ ವರದಿ ಮಾಡುವ ಹಂತದಲ್ಲೇ ‘ಕನ್ನಡ ಮಾಧ್ಯಮ’ ಎಂದು ಸ್ಪಷ್ಟವಾಗಿ ನಮೂದಾಗಿದೆಯೇ ಎಂದು ಶಾಲೆಯ ರಕ್ಷಕ ಶಿಕ್ಷಕ ಸಂಘ ಪರಿಶೀಲಿಸಬೇಕು. ಕನ್ನಡ ಮಾಧ್ಯಮದ ಶಿಕ್ಷಕರಿಗೆ ಪಿಎಸ್‌ಸಿ ಬೇರೆಯೇ ಅಧಿಸೂಚನೆ ಹೊರಡಿಸುತ್ತದೆ, ಕನ್ನಡ ಮತ್ತು ಮಲಯಾಳ ಬಲ್ಲ ಗುಮಾಸ್ತ ಹುದ್ದೆಗೂ ಹಾಗೆಯೇ. ಪಟ್ಟಿ ಖಾಲಿಯಾದಾಗ ದಿನಗೂಲಿ ಆಧಾರದ ನೇಮಕ ಆಗುತ್ತದೆ. ಆ ಸಂದರ್ಶನದಲ್ಲಿ ಕನ್ನಡದಲ್ಲಿ ಐದು ನಿಮಿಷ ಪಾಠ ಮಾಡಿಸಿ ನೋಡಬೇಕೆಂದು ಸಂಘ ಲಿಖಿತವಾಗಿ ಕೋರಬಹುದು.

ಬೆಳವಲದ ನೆರಳು:
ನಾನು ಬೆಳಗಾವಿ ಕಡೆಯಿಂದ ಬರೀತೀನ್ರಿ. ಇಷ್ಟೆಲ್ಲ ಓದಿದ ಮ್ಯಾಲೆ ಒಂದು ಮಾತು ಹೇಳ್ಲೇಬೇಕು. 10-40, ಶೇ. 15, ಮುಂಗಡ ನೋಂದಣಿ, ಇವು ಕನ್ನಡಕ್ಕಷ್ಟ ಇರೋವಲ್ಲ. ಇಲ್ಲಿ ಮರಾಠಿಗೆ, ಬೀದರ, ಕಲಬುರಗಿಯೊಳಗ ಉರ್ದುವಿಗೆ, ಕೋಲಾರ, ಪಾವಗಡದಾಗ ತೆಲುಗಿಗೆ ಅದೇ ಅಳತೆ. ಕಾಸರಗೋಡಿನಾಗ ನಾವು ಕೇಳೋದನ್ನ ಇಲ್ಲಿ ಮರಾಠಿ ಮಂದಿ ಕೇಳಿದಾಗ ಸಿಟ್ಟಾಗೋದು ನ್ಯಾಯ ಅಲ್ಲ. ಹೊರಗಿನ ಕನ್ನಡಿಗರ ಪರವಾಗಿ ಕರ್ನಾಟಕ ಮಾತಾಡಬೇಕಂದ್ರ ಒಳಗಿನ ಲೆಕ್ಕ ಸ್ವಚ್ಛ ಇರಬೇಕ್ರಿ.

ಗಡಿ ಕಾವಲು:
ಬೆಳಗಾವಿಯದು ಬೇರೆ. ಅಲ್ಲಿ ರಾಜ್ಯವನ್ನೇ ಬಿಟ್ಟು ಹೋಗುವ ಬೇಡಿಕೆ ಇದೆ, 2004ರಿಂದ ಮಹಾರಾಷ್ಟ್ರದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಎರಡನ್ನೂ ಸಮ ಮಾಡಬೇಡಿ. ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ ಮಹಾಜನ್ ಆಯೋಗ 1967ರಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಹೇಳಿತ್ತು. ಮೂಲ ಪ್ರಶ್ನೆ ಅದು.

ವಕಾಲತ್ತು:
ಗಡಿ ಕಾವಲು ಅವರೇ, ಮಹಾಜನ್ ವರದಿಯ ಶಿಫಾರಸು ನೀವು ಹೇಳಿದಂತೆಯೇ ಇದೆ. ಆದರೆ ಗಡಿಯ ದಾವೆ ರಾಜ್ಯ ರಾಜ್ಯಗಳ ನಡುವಿನದು, ಭಾಷಾ ಹಕ್ಕು ಆ ನೆಲದ ಮೇಲೆ ಬದುಕುವ ಮನುಷ್ಯನದು. ಗಡಿ ಎಲ್ಲೇ ನಿಂತರೂ ಒಂದಷ್ಟು ಜನ ಆಚೆ ಉಳಿಯುತ್ತಾರೆ, 350ಎ ಬರೆದದ್ದೇ ಅವರಿಗಾಗಿ. ಬೆಳಗಾವಿಯ ಮರಾಠಿ ಮಗುವಿನ ಒಂದನೇ ತರಗತಿಗೆ ಅದರ ಅಪ್ಪನ ರಾಜಕೀಯ ಅಡ್ಡ ಬರಬಾರದು, ಮಂಜೇಶ್ವರದ ಕನ್ನಡ ಮಗುವಿಗೂ ಅಷ್ಟೆ.

ಕಾಸರಗೋಡಿನವರಿಗೆ ಇದರಲ್ಲಿ ತುಂಬಾ ಪ್ರಾಯೋಗಿಕವಾದ ಪಾಠವೂ ಇದೆ. ಕನ್ನಡ ಅರ್ಜಿ ನಮೂನೆ ಕೇಳುವ ಪತ್ರದಲ್ಲಿ ಮಹಾಜನ್ ವರದಿ ತಂದರೆ, ಕಡತವನ್ನು ‘ಅಂತರರಾಜ್ಯ ವಿಷಯ, ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಮುಚ್ಚಲು ನಾವೇ ದಾರಿ ಮಾಡಿಕೊಟ್ಟಂತೆ. ಒಂದು ಪತ್ರದಲ್ಲಿ ಒಂದೇ ಬೇಡಿಕೆ ಇರಲಿ.

ನ್ಯಾಯಾಲಯದ ನಿಲುವು ಕೂಡ ಎರಡೂ ಕಡೆಗೆ ಒಂದೇ. ಅಲ್ಪಸಂಖ್ಯಾತರು ಯಾರು ಎಂಬುದನ್ನು ರಾಜ್ಯವಾರು ನೋಡಬೇಕೆಂದು 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಹೇಳಿತು. ಹಾಗಾಗಿ ಕನ್ನಡಿಗ ಕೇರಳದಲ್ಲಿ ಅಲ್ಪಸಂಖ್ಯಾತ, ಮಲಯಾಳಿ ಕರ್ನಾಟಕದಲ್ಲಿ ಅಲ್ಪಸಂಖ್ಯಾತ. 2014ರಲ್ಲಿ ಕರ್ನಾಟಕದ ಮಾಧ್ಯಮ ನೀತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಾತೃಭಾಷೆಯಲ್ಲೇ ಕಲಿಯಬೇಕೆಂದು ಕಡ್ಡಾಯ ಮಾಡಲು 350ಎ ರಾಜ್ಯಕ್ಕೆ ಅಧಿಕಾರ ಕೊಡುವುದಿಲ್ಲ ಎಂದಿತು. ಅಂದರೆ 350ಎ ಸೌಲಭ್ಯ ಒದಗಿಸುವ ಹೊಣೆ. ಮಗುವನ್ನು ಸೇರಿಸುವ ತೀರ್ಮಾನ ಪಾಲಕರದ್ದೇ, ಆ ಕೆಲಸವನ್ನು ಕಾನೂನು ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಚಂದ್ರಗಿರಿ ದಡ:
ಪ್ರಾತಿನಿಧ್ಯದ ಕಡೆಗೂ ಬರೋಣ. ಭಾಷೆಯ ಆಧಾರದಲ್ಲಿ ಮೀಸಲು ಕ್ಷೇತ್ರ ನಮ್ಮ ಸಂವಿಧಾನದಲ್ಲಿ ಇಲ್ಲ. 330, 332ನೆಯ ವಿಧಿಗಳು ಪರಿಶಿಷ್ಟ ಜಾತಿ, ಪಂಗಡಗಳಿಗೆ. ಹೆಚ್ಚು ಮತ ಪಡೆದವರು ಗೆಲ್ಲುವ ಪದ್ಧತಿಯಲ್ಲಿ ಚದುರಿಹೋದ ಅಲ್ಪಸಂಖ್ಯಾತರ ಮತ ಕರಗಿಹೋಗುತ್ತದೆ, ಒತ್ತಾಗಿ ಒಂದೆಡೆ ಇರುವವರ ಮತಕ್ಕೆ ಬೆಲೆ ಬರುತ್ತದೆ. ಕೇರಳದ 140 ಸ್ಥಾನಗಳಲ್ಲಿ ಕನ್ನಡದ ಸದ್ದು ಕೇಳುವುದು ಮಂಜೇಶ್ವರ, ಕಾಸರಗೋಡು ಕ್ಷೇತ್ರಗಳಿಂದ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಸದನದಲ್ಲಿ ಮಾತಾಡುವುದಕ್ಕೂ 210ನೆಯ ವಿಧಿಯಲ್ಲಿ ಅವಕಾಶವಿದೆ: ರಾಜ್ಯದ ಅಧಿಕೃತ ಭಾಷೆ, ಹಿಂದಿ, ಇಂಗ್ಲಿಷಿನಲ್ಲಿ ತನ್ನ ಮಾತನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಸಭಾಧ್ಯಕ್ಷರು ಮಾತೃಭಾಷೆಯಲ್ಲಿ ಮಾತಾಡಲು ಅನುಮತಿ ಕೊಡಬಹುದು.

ಹೊರದೇಶದ ಒಂದು ಉದಾಹರಣೆ ಹೋಲಿಕೆಗೆ ಒಳ್ಳೆಯದು. ಜರ್ಮನಿಯಲ್ಲಿ ಶೇ. 5ಕ್ಕಿಂತ ಕಡಿಮೆ ಮತ ಪಡೆದ ಪಕ್ಷಕ್ಕೆ ಸಾಮಾನ್ಯವಾಗಿ ಸಂಸತ್ತಿನಲ್ಲಿ ಪಾಲಿಲ್ಲ. ಡೇನಿಷ್, ಫ್ರೀಸಿಯನ್ ಅಲ್ಪಸಂಖ್ಯಾತರ ಪಕ್ಷಕ್ಕೆ ಆ ಮಿತಿಯಿಂದ ವಿನಾಯಿತಿ ಇದೆ. 2021ರಲ್ಲಿ ಆ ಪಕ್ಷ ಒಂದು ಸ್ಥಾನ ಪಡೆಯಿತು. ಅಲ್ಲಿ ಮತದ ಪ್ರಮಾಣಕ್ಕೆ ತಕ್ಕ ಹಂಚಿಕೆ ಇರುವುದರಿಂದ ಈ ವಿನಾಯಿತಿ ಕೆಲಸ ಮಾಡುತ್ತದೆ, ನಮ್ಮ ಪದ್ಧತಿಗೆ ಹಾಗೆಯೇ ಕೂರುವುದಿಲ್ಲ.

ಕಡತ ಶಾಖೆ:
ವಿಧಾನಸಭೆಗಿಂತ ಪಂಚಾಯತು ಹತ್ತಿರದ್ದು. ಕೇರಳದಲ್ಲಿ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕು, ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ವಾರ್ಡಿನ ಮತದಾರರ ಶೇ. 10. ‘ಪಂಚಾಯತಿನ ತೆರಿಗೆ ನೋಟೀಸು, ಫಲಾನುಭವಿ ಅರ್ಜಿ ನಮೂನೆ ಕನ್ನಡದಲ್ಲೂ ಸಿಗಬೇಕು’ ಎಂಬ ನಿರ್ಣಯವನ್ನು ಅಲ್ಲಿ ಮಂಡಿಸಿ, ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ನೋಡಿಯೇ ಸಹಿ ಹಾಕಿ. ಸಭೆಯಲ್ಲಿ ಒಪ್ಪಿದ್ದು ನಡಾವಳಿಗೆ ಬಾರದೆ ಹೋದರೆ ಒಪ್ಪಿಗೆಯೇ ಆಗಲಿಲ್ಲ ಎಂದರ್ಥ.

ವಾರ್ಡು ವಿಂಗಡಣೆಯ ಕರಡು ಬಂದಾಗಲೂ ಎಚ್ಚರ ಬೇಕು. ಕನ್ನಡದ ಮನೆಗಳು ಒತ್ತಾಗಿರುವ ಬೈಲು ಎರಡು ಮೂರು ವಾರ್ಡಿಗೆ ಹರಿದುಹೋದರೆ ಎಲ್ಲೂ ದನಿ ಉಳಿಯುವುದಿಲ್ಲ. ಆದರೆ ಆಕ್ಷೇಪಣೆಯಲ್ಲಿ ‘ನಾವು ಕನ್ನಡಿಗರು’ ಎಂದಷ್ಟೇ ಬರೆದರೆ ಬಿದ್ದುಹೋಗುತ್ತದೆ, ಏಕೆಂದರೆ ವಿಂಗಡಣೆ ನೋಡುವುದು ಜನಸಂಖ್ಯೆ ಮತ್ತು ಗಡಿಯನ್ನು. ತೋಡು, ರಸ್ತೆ, ಗುಡ್ಡೆಯಂಥ ಸಹಜ ಗಡಿಯನ್ನು ಕರಡು ಎಲ್ಲಿ ದಾಟಿದೆ, ಯಾವ ಮನೆ ನಂಬ್ರದಿಂದ ಯಾವ ಮನೆ ನಂಬ್ರದವರೆಗೆ ಬದಲಿಸಬೇಕು, ಬದಲಿಸಿದ ಮೇಲೆ ಎರಡೂ ವಾರ್ಡಿನ ಜನಸಂಖ್ಯೆ ಎಷ್ಟಾಗುತ್ತದೆ ಎಂದು ಕೈನಕ್ಷೆಯ ಜೊತೆ ಕೊಡಿ. ಕೊನೆಯ ದಿನಾಂಕದೊಳಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ತುಳುವ ಮಿತ್ರ:
ಹೆಸರಿನ ಸಮಸ್ಯೆಗೆ ಏನು ಪರಿಹಾರ? ಶಾಲೆಯ ಸರ್ಟಿಫಿಕೇಟಿನಲ್ಲಿ ‘ಗಣೇಶ’, ಜಾಗದ ದಾಖಲೆಯಲ್ಲಿ ಮಲಯಾಳದಲ್ಲಿ ‘ಗಣೇಶನ್’, ಮತದಾರರ ಪಟ್ಟಿಯಲ್ಲಿ ಇನ್ನೊಂದು ರೂಪ. ಸಾಲಕ್ಕೆ ಹೋದರೆ ಮೂವರು ಬೇರೆ ಬೇರೆ ಮನುಷ್ಯರು ಅನ್ನುತ್ತಾರೆ.

ಕಡತ ಶಾಖೆ:
ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ರೂಪ ನಿಗದಿ ಮಾಡಿಕೊಳ್ಳಿ, ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟಿನಲ್ಲಿ ಇರುವುದೇ ಒಳ್ಳೆಯದು. ಮತದಾರರ ಪಟ್ಟಿಯ ತಿದ್ದುಪಡಿಗೆ ಫಾರ್ಮ್ 8. ಹೊಸ ಸೇರ್ಪಡೆಯ ಫಾರ್ಮ್ 6 ಹಾಕಬೇಡಿ, ಎರಡು ಕಡೆ ಹೆಸರು ಬಂದು ತೊಂದರೆಯಾಗುತ್ತದೆ. ಹಳೆಯ ಜಾಗದ ಕಾಗದವನ್ನು ತಕ್ಷಣ ತಿದ್ದಿಸಲಾಗದಿದ್ದರೆ ಗ್ರಾಮಾಧಿಕಾರಿಯಿಂದ ‘ಇಬ್ಬರೂ ಒಬ್ಬನೇ ವ್ಯಕ್ತಿ’ ಎಂಬ ದೃಢೀಕರಣ ಸಿಗುತ್ತದೆ, ಅಕ್ಷಯ ಕೇಂದ್ರದ (ಕೇರಳದ ಆನ್‌ಲೈನ್ ಸರ್ಕಾರಿ ಸೇವಾ ಕೇಂದ್ರ) ಮೂಲಕ ಅರ್ಜಿ ಹಾಕಬಹುದು.

ಬೆಳವಲದ ನೆರಳು:
ಇಷ್ಟೆಲ್ಲ ಮಾಡಿದ ಮ್ಯಾಲೂ ಕಚೇರಿಯವರು ಉತ್ತರಾನೇ ಕೊಡದಿದ್ರ? ವಿಶೇಷಾಧಿಕಾರಿ ಅಂದ್ರಲ್ಲ, ಅವರ ಪ್ರಾದೇಶಿಕ ಕಚೇರಿ ನಮ್ಮ ಬೆಳಗಾವಿಯೊಳಗೂ ಇತ್ತು. ಅವರಿಂದ ಆಗೋದು ಏನು?

ವಕಾಲತ್ತು:
ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿ 1957ರಿಂದ ಇದೆ. ಅವರು ದೂರು ಪಡೆದು ರಾಜ್ಯ ಸರ್ಕಾರದಿಂದ ವಿವರಣೆ ಕೇಳುತ್ತಾರೆ, ರಾಷ್ಟ್ರಪತಿಗಳಿಗೆ ವರದಿ ಕೊಡುತ್ತಾರೆ, ಅದು ಸಂಸತ್ತಿನ ಮುಂದೆ ಬರುತ್ತದೆ. ಆದೇಶ ಮಾಡಿ ಜಾರಿಗೆ ತರುವ ಅಧಿಕಾರ ಅವರಿಗಿಲ್ಲ. ಇದು ಈ ವ್ಯವಸ್ಥೆಯ ದೊಡ್ಡ ದೌರ್ಬಲ್ಯ ಎಂದೇ ನನ್ನ ಅಭಿಪ್ರಾಯ. ಆದರೂ ದೂರು ಕೊಡಿ, ರಾಜ್ಯದಿಂದ ಬರುವ ಲಿಖಿತ ವಿವರಣೆ ಮುಂದೆ ಸಾಕ್ಷಿಯಾಗುತ್ತದೆ.

ಗಟ್ಟಿ ದಾರಿ 226ನೆಯ ವಿಧಿಯಡಿ ಹೈಕೋರ್ಟಿನ ರಿಟ್. ಅಧಿಕಾರಿಗೆ ಆಜ್ಞೆ ಕೊಡಿ ಎಂದು ಕೇಳುವಾಗ ನ್ಯಾಯಾಲಯ ಮೊದಲು ನೋಡುವುದು, ನೀವು ಬೇಡಿಕೆ ಸಲ್ಲಿಸಿದ್ದಿರಾ, ಅವರು ನಿರಾಕರಿಸಿದರಾ ಎಂದು. ಹಾಗಾಗಿ ಕಡತದಲ್ಲಿ ಇರಬೇಕಾದದ್ದು: ಸ್ವೀಕೃತಿಯ ಮುದ್ರೆ ಇರುವ ಅರ್ಜಿಯ ಪ್ರತಿ, ಮೂವತ್ತು ದಿನ ಕಳೆದ ಮೇಲೆ ಕೊಟ್ಟ ಜ್ಞಾಪನ ಪತ್ರ, ಮಲಯಾಳದಲ್ಲಿ ಬಂದ ಹಿಂಬರಹವಿದ್ದರೆ ಅದು. ಅರ್ಜಿಯ ಗತಿ ಏನಾಯಿತೆಂದು ಮಾಹಿತಿ ಹಕ್ಕಿನಲ್ಲೂ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಈ ಅರ್ಜಿಯನ್ನು ಕನ್ನಡದಲ್ಲಿ ಬರೆದು ಜೊತೆಗೆ ಇಂಗ್ಲಿಷ್ ಪ್ರತಿ ಲಗತ್ತಿಸಿ. ಭಾಷೆಯ ನೆಪದಲ್ಲಿ ಗಡುವು ಮುಂದೆ ಹೋಗಲು ಬಿಡಬೇಡಿ.

ಗಡಿ ಕಾವಲು:
ಶಾಲೆಯ ಮುಂಗಡ ನೋಂದಣಿಗೆ ಪಾಲಕರು ಕೊಡಬೇಕಾದ ಪತ್ರದ ಒಕ್ಕಣೆ ಯಾರಾದರೂ ಹಾಕಿ. ನಮ್ಮ ಕಡೆ ಮೂರು ಶಾಲೆಗಳಿಗೆ ಹಂಚುತ್ತೇವೆ.

ಪಾಟಿ ಬಳಪ:
ಇದು ಸಾಕು:

‘ಮಾನ್ಯ ಮುಖ್ಯೋಪಾಧ್ಯಾಯರಿಗೆ. ವಿಷಯ: ಕನ್ನಡ ಮಾಧ್ಯಮಕ್ಕೆ ಮುಂಗಡ ನೋಂದಣಿ. ಉಲ್ಲೇಖ: ಸಂವಿಧಾನದ 350ಎ ವಿಧಿ, ಶಿಕ್ಷಣ ಹಕ್ಕು ಕಾಯಿದೆ 2009, ಕಲಮು 29(2)(ಎಫ್). ನನ್ನ ಮಗು (ಹೆಸರು, ಜನ್ಮದಿನಾಂಕ) ಬರುವ ಶೈಕ್ಷಣಿಕ ವರ್ಷದಲ್ಲಿ ( ) ತರಗತಿಗೆ ಕನ್ನಡ ಮಾಧ್ಯಮದಲ್ಲಿ ಸೇರಲು ಬಯಸುತ್ತದೆ. ಭಾಷಾ ಅಲ್ಪಸಂಖ್ಯಾತರ ರಿಜಿಸ್ಟರಿನಲ್ಲಿ ದಾಖಲಿಸಿ ಕ್ರಮಸಂಖ್ಯೆ ತಿಳಿಸಬೇಕು. ಈ ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಸಮೀಪದ ಶಾಲೆಯ ಜೊತೆ ಹೊಂದಾಣಿಕೆ ಮಾಡಬೇಕಾಗಿ ಕೋರಿಕೆ.’

ಮಗುವಿಗೊಂದು ಪತ್ರ ಇರಲಿ. ಹತ್ತು ಪಾಲಕರು ಒಂದೇ ಹಾಳೆಯಲ್ಲಿ ಸಹಿ ಹಾಕಿದರೆ ಅದು ಒಂದೇ ಮನವಿಯಾಗಿ ದಾಖಲಾಗುವ ಅಪಾಯವಿದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಎಲ್ಲ ಪತ್ರಗಳ ಪಟ್ಟಿ ಮಾಡಿ ಉಪಜಿಲ್ಲಾ ಶಿಕ್ಷಣಾಧಿಕಾರಿಗೂ ಒಂದು ಪ್ರತಿ ಕಳಿಸಿ. ಕೇರಳದಲ್ಲಿ ಶಾಲೆ ಜೂನ್ ಆರಂಭಕ್ಕೆ ತೆರೆಯುವುದರಿಂದ ಪತ್ರಗಳು ಮಾರ್ಚ್ ಮೊದಲ ವಾರದೊಳಗೆ ಶಾಲೆ ತಲುಪಿರಬೇಕು.